ಬಿಕಲಂ ಹಾಕದ ಇಪ್ಪತ್ಮೂರು ಸಹಿಗಳು

ಕಂಪನಿಯ ಷೇರು ವಿಭಾಗದಲ್ಲಿ ಕೆಲಸ ಸಿಕ್ಕಿದೆ ಎಂದು ಈಗಲೂ ಯಾರಾದರೂ ಬಂದು ಹೇಳಿದರೆ, ನಾನು ಮೊದಲು ಅವರ ಕೈಯಲ್ಲಿ ಒಂದು ಸಹಿ ಹಾಕಿಸಿ ನೋಡುತ್ತೇನೆ. ಕೆಟ್ಟ ಚಾಳಿ. ಮೂವತ್ತು ವರ್ಷ ಬೇರೆಯವರ ಸಹಿ ನೋಡಿಯೇ ಹೊಟ್ಟೆ ಹೊರೆದವನು ನಾನು. ನಿವೃತ್ತಿಯ ಕಾಗದ ಕೈಗೆ ಬಂದ ಮಾತ್ರಕ್ಕೆ ಕಣ್ಣು ಸುಮ್ಮನಿರುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುವಾಗ ಯಾರು ಶಾಲು ಹೊದಿಸಿದರು ಎಂಬ ಪುರಾಣ ಇದರಲ್ಲಿಲ್ಲ. ಬಡ್ತಿ ಸಿಕ್ಕಿದ್ದು ಎರಡೇ ಸಲ. ಶಾಲು ಯಾರೂ ಹೊದಿಸಲಿಲ್ಲ. ಯಾಕೆ ಹೊದಿಸಲಿಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ.

ನಮ್ಮ ತಂದೆ ಹೊಸಪೇಟೆಯ ನೋಂದಣಿ ಕಚೇರಿಯ ಎದುರು ಕುಳಿತು ಪತ್ರ ಬರೆಯುತ್ತಿದ್ದರು. ಖರೀದಿ ಪತ್ರ, ದಾನ ಪತ್ರ, ಪಾಲುಪಟ್ಟಿ, ಏನು ಬೇಕಾದರೂ. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತಿದರೆ ಅದರ ಪಕ್ಕ ಅವರ ಹೆಸರನ್ನು ತಂದೆಯೇ ಬರೆಯುತ್ತಿದ್ದರು. ಎಲ್ಲ ಮುಗಿದ ಮೇಲೆ ಪತ್ರದ ತಳದಲ್ಲಿ ‘ಬಿಕಲಂ’ ಎಂದು ಬರೆದು ತಮ್ಮ ಹೆಸರು ಹಾಕುತ್ತಿದ್ದರು. ಅಂದರೆ ಇದನ್ನು ಬರೆದ ಕೈ ನನ್ನದು ಎಂದು ಒಪ್ಪಿಕೊಂಡ ಗುರುತು. ಹೆಸರಿನ ಕೆಳಗೆ ಎರಡು ಚುಕ್ಕಿ ಇಡುವುದು ಅವರ ರೂಢಿ. ಆ ಚುಕ್ಕಿಗಳು ನನ್ನ ಕೈಗೂ ಬಂದವು. ಬಿಕಲಂ ಬರಲಿಲ್ಲ, ಮುಂದೆ ಅದನ್ನೇ ಹೇಳಬೇಕಾಗಿದೆ.

ನಾನು ಸೇರಿದ್ದು ಸಂಡೂರಿನ ಕಡೆ ಗಣಿ ಇದ್ದ, ಹೊಸಪೇಟೆಯಲ್ಲಿ ಕಚೇರಿ ಇದ್ದ ಒಂದು ಕಂಪನಿಗೆ. ಹೆಸರು ಬೇಡ. ನಾನು ಸೇರಿದ ಮೂರನೆಯ ತಿಂಗಳಿಗೇ ಕಂಪನಿ ಜನರಿಗೆ ಷೇರು ಮಾರಲು ಹೊರಟಿತು. ಸಾಕಷ್ಟು ಅರ್ಜಿ ಬಾರದಿದ್ದರೆ ಇಡೀ ಇಶ್ಯೂ, ಅಂದರೆ ಷೇರು ಮಾರಾಟವೇ, ರದ್ದಾಗುತ್ತದೆ, ಬಂದ ಹಣವನ್ನೆಲ್ಲ ಹಿಂದಿರುಗಿಸಬೇಕು ಎಂಬ ಭಯ ಮೇಲಿನವರಿಗೆ. ಅದಕ್ಕೇ ನಮ್ಮಂಥ ಎಳೆಯರ ಕೈಗೆ ಅರ್ಜಿಯ ಕಟ್ಟು ಕೊಟ್ಟು ಊರೂರಿಗೆ ಓಡಿಸಿದರು. ನನ್ನ ಪಾಲಿಗೆ ಬಂದದ್ದು ಕಂಪ್ಲಿಯ ಕಡೆ, ಅದರಲ್ಲೂ ಮೆಟ್ರಿ.

ಮೆಟ್ರಿಯಲ್ಲಿ ಆಗ ನಾಟಿಯ ದಿನಗಳು. ಕಂಪನಿಯ ರಸ್ತೆಗೆ ಹೊಲದಂಚು ಬಿಟ್ಟುಕೊಟ್ಟವರಿಗೆ ಷೇರಿನಲ್ಲಿ ಮೊದಲ ಪಾಲು ಎಂದು ಸಾರಿದ್ದರಿಂದ ಜನ ಸೇರಿದರು. ನಾನು ಗುಡಿಯ ಕಟ್ಟೆ ಮೇಲೆ ಕುಳಿತು ಹೆಸರು, ತಂದೆಯ ಹೆಸರು, ವಯಸ್ಸು ಬರೆದುಕೊಂಡೆ. ಹಣ ಕೊಟ್ಟು, ‘ಆತೇನ್ರಿ? ಸಸಿ ಒಣಗತಾವ್ರಿ’ ಎಂದು ಗದ್ದೆಗೆ ಓಡುವವರೇ ಎಲ್ಲ. ನಾನೂ ಹೂಂ ಹೂಂ ಎನ್ನುತ್ತ ಬರೆದದ್ದೇ ಬರೆದದ್ದು. ಕೊನೆಯ ದಿನ ಅದು. ಬ್ಯಾಂಕು ಮುಚ್ಚುವುದರೊಳಗೆ ಅರ್ಜಿಗಳು ಹೊಸಪೇಟೆ ಸೇರಬೇಕು.

ಬಸ್ಸು ಕಂಪ್ಲಿ ದಾಟಿದ ಮೇಲೆ ಕಟ್ಟು ಬಿಚ್ಚಿ ಎಣಿಸಿದೆ. ಇಪ್ಪತ್ಮೂರು ಅರ್ಜಿಗಳಲ್ಲಿ ಸಹಿಯ ಜಾಗ ಖಾಲಿ! ಎಲ್ಲ ಬರೆಸಿಕೊಂಡು ಸಹಿಯನ್ನೇ ಹಾಕಿಸಿಕೊಂಡಿರಲಿಲ್ಲ ನಾನು. ತಿರುಗಿ ಹೋದರೆ ಬ್ಯಾಂಕು ತಪ್ಪುತ್ತದೆ, ಹೋಗದಿದ್ದರೆ ಕೆಲಸವೇ ತಪ್ಪುತ್ತದೆ. ಆಗ ನನಗೆ ತಂದೆಯ ನೆನಪಾಯಿತು, ಅದೂ ತಲೆಕೆಳಗಾಗಿ. ಅವರೂ ಪರರ ಹೆಸರು ಬರೆಯುತ್ತಾರಲ್ಲ, ನಾನು ಬರೆದರೇನು ಎಂದುಕೊಂಡೆ. ತೊಡೆಯ ಮೇಲೆ ಚೀಲ ಇಟ್ಟುಕೊಂಡು ಇಪ್ಪತ್ಮೂರು ಜನರ ಸಹಿಯನ್ನು ಒಬ್ಬನೇ ಹಾಕಿದೆ. ಒಂದಿಷ್ಟು ಬಲಕ್ಕೆ ವಾಲಿಸಿ, ಒಂದಿಷ್ಟು ಎಡಕ್ಕೆ ವಾಲಿಸಿ. ಬಸ್ಸಿನ ಕುಲುಕಾಟವೂ ನೆರವಾಯಿತು. ಅರ್ಜಿಯಲ್ಲಿ ಬಿಕಲಂ ಹಾಕಲು ಜಾಗವಿರಲಿಲ್ಲ. ಇದ್ದರೂ ನಾನು ಹಾಕುತ್ತಿರಲಿಲ್ಲ ಬಿಡಿ.

ಬ್ಯಾಂಕಿಗೆ ಸರಿಯಾದ ಹೊತ್ತಿಗೆ ಮುಟ್ಟಿದೆ. ಸಾಹೇಬರು ಶಹಬ್ಬಾಸ್ ಎಂದರು. ನೀವು ನಂಬುವುದಿಲ್ಲ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಾನು ಅದನ್ನು ಪೂರಾ ಮರೆತೆ. ನನಗೆ ಇವತ್ತಿಗೂ ಗಾಬರಿಯಾಗುವುದು ಹಾಕಿದ್ದಕ್ಕಲ್ಲ, ಮರೆತದ್ದಕ್ಕೆ.

ನಮ್ಮ ವಿಭಾಗದ ಮುಖ್ಯಸ್ಥರು ವೆಂಕೋಬರಾಯರು. ತೆಳ್ಳಗೆ, ನೆಟ್ಟಗೆ, ಮೂಗಿನ ತುದಿಯಲ್ಲಿ ಕನ್ನಡಕ, ಅದಕ್ಕಿಂತ ಹರಿತ ನಾಲಗೆ. ಅರ್ಜಿಗಳ ತಳದಲ್ಲಿದ್ದ ಸಹಿಯ ಪಟ್ಟಿಯನ್ನು ಕತ್ತರಿಸಿ ಕಾರ್ಡಿಗೆ ಅಂಟಿಸಿ, ಮರದ ಪೆಟ್ಟಿಗೆಗಳಲ್ಲಿ ಜೋಡಿಸುವುದು ನಮ್ಮ ಕೆಲಸ. ಅದೇ ಮಾದರಿ ಸಹಿ. ಮುಂದೆ ಆ ಷೇರುದಾರ ಯಾವ ಕಾಗದ ಕಳಿಸಿದರೂ ಆ ಕಾರ್ಡಿನ ಜೊತೆ ತಾಳೆ ನೋಡಬೇಕು. ಮೆಟ್ರಿಯ ಅರ್ಜಿಗಳನ್ನು ಅವರು ಕತ್ತರಿಸಿದ ಮರುದಿನ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡರು.

“ಲೇ ಗುರ್ಯಾ, ಸಹಿ ನೋಡೋದು ಹೆಂಗ ಗೊತ್ತದೇನು?”

“ಎರಡೂ ಪಕ್ಕ ಇಟ್ಟು ನೋಡೋದ್ರಿ.”

“ಹುಚ್ಚಾ. ಎರಡೂ ಉಲ್ಟಾ ಹಿಡಿ. ನೆಟ್ಟಗ ಹಿಡಿದ್ರ ಹೆಸರು ಕಾಣಸ್ತದ, ಉಲ್ಟಾ ಹಿಡಿದ್ರ ಕೈ ಕಾಣಸ್ತದ.”

ಇದಕ್ಕಿಂತ ದೊಡ್ಡ ಪಾಠ ಈ ಕೆಲಸದಲ್ಲಿ ಇನ್ನೊಂದಿಲ್ಲ. ಹೆಸರು ಓದಲು ಹೋದರೆ ಕಣ್ಣು ಮೋಸಹೋಗುತ್ತದೆ; ತಲೆಕೆಳಗು ಮಾಡಿದರೆ ಗೆರೆ ಎಲ್ಲಿ ಎದ್ದಿತು, ಎಲ್ಲಿ ಅಳುಕಿತು ಎಲ್ಲ ಕಾಣುತ್ತದೆ. ಕೆಲವೇ ವರ್ಷಗಳಲ್ಲಿ ನನ್ನ ಕಣ್ಣು ಎಷ್ಟು ಪಳಗಿತೆಂದರೆ, ಬ್ಯಾಂಕಿನವರೂ ಕಾಗದ ಹಿಡಿದುಕೊಂಡು ನನ್ನ ಬಳಿ ಬರುತ್ತಿದ್ದರು. ‘ಆಚಾರ್ರು ನೋಡಿದ್ರಂದ್ರ ಮುಗೀತು’ ಎಂದು ನನ್ನ ಬಗ್ಗೆ ಮಾತು ಹುಟ್ಟಿತು. ನನಗೂ ಕೊಂಬು ಬಂದವು.

ಹಂಪಿಯಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟಿದ್ದ ಒಬ್ಬರು ತಂದೆಯ ಷೇರನ್ನು ತಮ್ಮ ಹೆಸರಿಗೆ ಮಾಡಿಸಲು ವರ್ಗಾವಣೆ ಪತ್ರ ತಂದಿದ್ದರು. ಕೆಳಗೆ ತಂದೆಯ ಸಹಿ. ಉಲ್ಟಾ ಹಿಡಿದೆ. ಗೆರೆ ಹೆದರಿ ಹೆದರಿ ನಡೆದಿತ್ತು. “ಇದು ನಿಮ್ಮ ತಂದೇವ್ರ ಕೈ ಅಲ್ಲ” ಎಂದೆ. ಮನುಷ್ಯ ಬೆವೆತುಹೋದರು. ತಂದೆ ತೀರಿಕೊಂಡು ಮೂರು ತಿಂಗಳಾಗಿತ್ತು, ಕೋರ್ಟು ಕಚೇರಿ ಅಲೆಯುವುದು ತಪ್ಪಲಿ ಎಂದು ತಾವೇ ಹಾಕಿದ್ದರು. ನಾನು ಇಡೀ ಕಚೇರಿಗೆ ಕೇಳುವಂತೆ ಅವರಿಗೆ ನೀತಿ ಹೇಳಿದೆ. “ಪರರ ಸಹಿ ಹಾಕೋದಂದ್ರ ಪರರ ನಾಲಗಿ ಕೊಯ್ದಂಗ್ರಿ” ಎಂದೆ. ಅವರು ಅಳುತ್ತ ಹೋದರು. ವೆಂಕೋಬರಾಯರು ಕನ್ನಡಕದ ಮೇಲಿಂದ ನನ್ನನ್ನು ಬಹಳ ಹೊತ್ತು ನೋಡಿದರು. ಮೆಚ್ಚಿಕೊಂಡರೆಂದು ನಾನು ತಿಳಿದೆ.

ವರ್ಷಕ್ಕೊಮ್ಮೆ ಷೇರುದಾರರ ಸಭೆ. ಬೇರೆ ಕಡೆ ಹೇಗೋ, ನಮ್ಮ ಕಡೆ ಸಭೆ ಎಂದರೆ ಮೊದಲು ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ, ಆಮೇಲೆ ಲಾಭ ನಷ್ಟ. ಬಾಗಿಲಲ್ಲಿ ಹಾಜರಿ ಚೀಟಿಗೆ ಸಹಿ ಹಾಕಿ ಕೊಟ್ಟವರಿಗೆ ತಿಂಡಿಯ ಟೋಕನ್. ಜನ ಮಿರ್ಚಿಗೆ ಬರುತ್ತಾರೆ ಎಂದು ನಾವು ನಗುತ್ತಿದ್ದೆವು. ಆದರೆ ಮೆಟ್ರಿಯಿಂದ ಪ್ರತಿವರ್ಷ ತಪ್ಪದೆ ಬರುತ್ತಿದ್ದ ಹಂಪಮ್ಮ ಎಂಬಾಕೆ ಮಿರ್ಚಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಪ್ರಶ್ನೆ ಇದ್ದರೆ ಕೇಳಿ ಎಂದು ಅಧ್ಯಕ್ಷರು ಹೇಳಿದ ಕೂಡಲೇ ಎದ್ದು ನಿಲ್ಲುವಳು. ಒಂದು ವರ್ಷ, “ಲಾರಿ ಹೋದ್ರ ನಮ್ಮ ಗದ್ದಿ ಮ್ಯಾಲೆ ಕೆಂಪು ಧೂಳ ಬೀಳ್ತದ. ಆ ಧೂಳನ್ಯಾಗ ನಮಗೆಷ್ಟು ಪಾಲು ಬರ್ತದ್ರಿ?” ಎಂದು ಕೇಳಿದ್ದಳು. ಸಭೆಗೆ ಸಭೆಯೇ ನಕ್ಕಿತು, ಅಧ್ಯಕ್ಷರೂ ನಕ್ಕು ಮುಂದಿನ ವಿಷಯಕ್ಕೆ ಹೋದರು.

ಹಂಪಮ್ಮ ನಲವತ್ತು ದಾಟಿದ ಮೇಲೆ ಊರಿನ ಸಾಕ್ಷರತಾ ತರಗತಿಯಲ್ಲಿ ಸಹಿ ಕಲಿತವಳು. ಹಾಜರಿ ಚೀಟಿಯಲ್ಲಿ ಜಾಗ ಸಾಲದಷ್ಟು ದೊಡ್ಡದಾಗಿ, ಒಂದೊಂದು ಅಕ್ಷರವನ್ನೂ ಒತ್ತಿ ಬರೆಯುತ್ತಿದ್ದಳು. ಅದು ಕಾರ್ಡಿನ ಸಹಿಗೆ ಹೊಂದುತ್ತದೋ ಇಲ್ಲವೋ ಎಂದು ನಾನು ಒಂದು ಸಲವೂ ನೋಡಲಿಲ್ಲ. ಮಿರ್ಚಿ ಕೊಡಲಿಕ್ಕೆ ತಾಳೆ ಯಾಕೆ? ಚೀಟಿಗಳನ್ನು ಮಾತ್ರ ವರ್ಷವಾರು ಕಟ್ಟಿ ಟ್ರಂಕಿನಲ್ಲಿ ಇಡುತ್ತಿದ್ದೆ. ಕಂಪನಿಯ ಮುದ್ರೆ ಬಿದ್ದ ಕಾಗದ ಎಸೆಯಬಾರದು ಎಂಬುದು ವೆಂಕೋಬರಾಯರ ಕಟ್ಟಪ್ಪಣೆ. ಅವರು ನಿವೃತ್ತರಾದ ಮೇಲೂ ನಾನು ಅದನ್ನು ಮೀರಲಿಲ್ಲ.

ನಡುವೆ ಕಾಲ ಬದಲಾಯಿತು. ಷೇರುಗಳು ಕಂಪ್ಯೂಟರಿನೊಳಗೆ ಹೋದವು. ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ವರ್ಗಾವಣೆ ಗುಂಡಿ ಒತ್ತಿದರೆ ಮುಗಿಯತೊಡಗಿತು. ನನ್ನ ಕಾರ್ಡುಗಳದ್ದೆಲ್ಲ ಫೋಟೋ ಹಿಡಿದು ಹೊರಗಿನ ಏಜೆನ್ಸಿಯೊಂದಕ್ಕೆ ಕಳಿಸಿದರು. ಮೆಟ್ರಿಯಂಥ ಊರುಗಳವರು ಮಾತ್ರ ಷೇರು ಪತ್ರದ ಕಾಗದವನ್ನು ಬಿಡಲೊಲ್ಲರು. “ಕೈಯಾಗ ಹಿಡಿಯಾಕ ಬರಲಾರದ್ದು ನಂದು ಅಂತ ಹೆಂಗ ಅನ್ನೋದ್ರಿ?” ಎಂದು ಹಂಪಮ್ಮನೇ ಒಮ್ಮೆ ಕೇಳಿದ್ದಳು. ಆ ಕಾಗದದವರಿಗಾಗಿಯೇ ನನ್ನ ಮೇಜು ಉಳಿದುಕೊಂಡಿತ್ತು.

ನಿವೃತ್ತಿಗೆ ಒಂದು ವರ್ಷವಿದ್ದಾಗ ಗಣಿಯ ರಾಶಿಯೊಂದರ ಸುದ್ದಿ ಸ್ಫೋಟವಾಯಿತು. ಸಂಡೂರಿನ ಗಣಿಯಂಗಳದಲ್ಲಿ ಬೆಟ್ಟದಂಥ ಅದಿರಿನ ರಾಶಿ ಇದೆ ಎಂದು ಕಂಪನಿ ವರದಿಯ ಮೇಲೆ ವರದಿಯಲ್ಲಿ ಬರೆದುಕೊಂಡು ಬಂದಿತ್ತು. ಅದನ್ನು ನಂಬಿ ಷೇರಿನ ಬೆಲೆ ಏರಿತ್ತು. ಆ ಮಳೆಗಾಲ ಹುಚ್ಚೆದ್ದು ಸುರಿದು ರಾಶಿಯ ಒಂದು ಮಗ್ಗುಲು ಕೊಚ್ಚಿಹೋಯಿತು. ಒಳಗೆ ನೋಡಿದರೆ ಬರೀ ಮಣ್ಣು! ಮೇಲೊಂದು ಹೊದಿಕೆಯಷ್ಟು ಅದಿರು, ಒಳಗೆಲ್ಲ ಗಣಿಯ ಕಸ. ಆ ವರದಿಗಳನ್ನು ಲಕೋಟೆಗೆ ಹಾಕಿ ವಿಳಾಸ ಅಂಟಿಸಿ ಮನೆಮನೆಗೆ ಕಳಿಸಿದವನು ನಾನು. ಕಚೇರಿಗೆ ಬಂದಿದ್ದ ಚೋರನೂರಿನ ಟಿಪ್ಪರ್ ಡ್ರೈವರನೊಬ್ಬನನ್ನು ಕೇಳಿದೆ. “ಹೊಸಾದೇನೈತ್ರಿ ಸರ? ಮಣ್ಣು ಸುರುವಿದವರ ನಾವು. ನಿಮಗ ಗೊತ್ತಿದ್ದಿಲ್ಲೇನು?” ಎಂದು ಅವನೇ ಆಶ್ಚರ್ಯಪಟ್ಟ.

ಷೇರಿನ ಬೆಲೆ ದಿನಕ್ಕೊಂದು ಮೆಟ್ಟಿಲು ಇಳಿಯಲಿಲ್ಲ, ಮಾಳಿಗೆಯಿಂದಲೇ ಬಿತ್ತು. ಫೋನುಗಳು ಹಗಲೆಲ್ಲ ಅರಚಿದವು. ನಿಮಗೆ ಇದೊಂದು ಮಾತು ಹೇಳಬೇಕು: ಬೆಲೆ ಬಿದ್ದಾಗ ಜನ ಬೈಯುವುದು ಅಧ್ಯಕ್ಷರನ್ನಲ್ಲ, ಫೋನು ಎತ್ತಿದವನನ್ನು. ಎತ್ತದೆ ಇರಬೇಡಿ. ಬೈಸಿಕೊಳ್ಳುವುದೂ ಈ ಕೆಲಸದ ಭಾಗವೇ.

ಆಗ ಕಂಪ್ಲಿಯ ವಕೀಲ ಶರಣಪ್ಪ ಮುಂದೆ ಬಂದರು. ಅಕ್ಕಿ ಗಿರಣಿಯವರ ಮನೆತನ. ಅವರ ಮನೆಯಲ್ಲೂ ನಮ್ಮ ಷೇರಿತ್ತು. ಒಬ್ಬೊಬ್ಬರೇ ಕಂಪನಿಯ ಮೇಲೆ ಹೋದರೆ ಆನೆಯ ಮುಂದೆ ಇರುವೆ. ನೂರು ಷೇರುದಾರರು ಕೂಡಿದರೆ, ಎಲ್ಲ ಷೇರುದಾರರ ಪರವಾಗಿ ಒಂದೇ ದಾವೆಯನ್ನು ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯ ಮುಂದೆ ಹೂಡಬಹುದು ಎಂದು ಕಾನೂನಿದೆ. ಶರಣಪ್ಪ ಬೈಕಿನ ಮೇಲೆ ಊರೂರು ಸುತ್ತಿ ನೂರಾ ಹನ್ನೆರಡು ಜನರ ಒಪ್ಪಿಗೆ ಪತ್ರ ಕೂಡಿಸಿದರು. ಅದರಲ್ಲಿ ಮೊದಲ ಪತ್ರ ಹಂಪಮ್ಮನದು.

ಕಂಪನಿಯ ಬೆಂಗಳೂರು ವಕೀಲರು ಆ ಪತ್ರಗಳ ಪ್ರತಿ ತರಿಸಿಕೊಂಡು, ಸಹಿಗಳನ್ನು ಮಾದರಿ ಕಾರ್ಡಿನ ಜೊತೆ ತಾಳೆ ನೋಡಿ ಎಂದು ನಮಗೆ ಹೇಳಿಕಳಿಸಿದರು. ಆಗ ನಮ್ಮ ಕಂಪನಿ ಕಾರ್ಯದರ್ಶಿ ನಂದಿನಿ ಮೇಡಂ, ನನ್ನ ಮಗಳ ವಯಸ್ಸಿನವರು, ಬೆಂಗಳೂರಿನವರು. “ಸರ್, ಈ ಕೆಲಸ ನಿಮ್ಮಷ್ಟು ಚೆನ್ನಾಗಿ ಏಜೆನ್ಸಿಯವರಿಗೆ ಬರಲ್ಲ” ಎಂದರು. ನಾನು ಉಬ್ಬಿದೆ. ಎರಡೇ ದಿನದಲ್ಲಿ ಮುಗಿಸಿದೆ. ಇಪ್ಪತ್ಮೂರು ಸಹಿಗಳು ಹತ್ತಿರಕ್ಕೂ ಬರುತ್ತಿರಲಿಲ್ಲ. ಉಲ್ಟಾ ಹಿಡಿಯುವ ಅಗತ್ಯವೇ ಬೀಳಲಿಲ್ಲ, ನೆಟ್ಟಗೆ ನೋಡಿದರೇ ಕಾಣುತ್ತಿತ್ತು. ಎಲ್ಲವೂ ಮೆಟ್ರಿಯವು. ಶರಣಪ್ಪ ತಾವೇ ಯಾರ ಕೈಯಲ್ಲೋ ಗೀಚಿಸಿದ್ದಾರೆ ಎಂದು ಮನಸ್ಸಿನಲ್ಲೇ ಹಳಿದು, ‘ಸಹಿ ತಾಳೆಯಾಗುವುದಿಲ್ಲ’ ಎಂದು ಇಪ್ಪತ್ಮೂರು ಸಲ ಬರೆದು, ಕೆಳಗೆ ನನ್ನ ಸಹಿ ಹಾಕಿ ಕೊಟ್ಟೆ. ನೂರಾ ಹನ್ನೆರಡರಲ್ಲಿ ಇಪ್ಪತ್ಮೂರು ಹೋದರೆ ಎಂಬತ್ತೊಂಬತ್ತು. ನೂರಕ್ಕೆ ಕಡಿಮೆಯಾಯಿತು. ದಾವೆ ಅಲ್ಲಿಗೆ ಮುಗಿದಂತೆಯೇ.

ವಾರದೊಳಗೆ ಹಂಪಮ್ಮ, ಶರಣಪ್ಪ ಇಬ್ಬರೂ ನನ್ನ ಮೇಜಿನ ಮುಂದೆ ನಿಂತರು.

“ಏನ್ರಿ ಆಚಾರ್ರ, ನನ್ನ ಸಹಿ ನಂದಲ್ಲ ಅಂತ ಬರದು ಕೊಟ್ಟೀರಂತ?”

“ಕುಂದ್ರಿ ಅಮ್ಮಾ. ನಾ ಅಂದದ್ದಲ್ಲ, ಕಾರ್ಡು ಅಂತದ.”

“ಯಾವ ಕಾರ್ಡ್ರಿ? ತೋರಸ್ರಿ ನೋಡೂಣು.”

ಪೆಟ್ಟಿಗೆಯಿಂದ ಅವಳ ಕಾರ್ಡು ತೆಗೆದು ಮೇಜಿನ ಮೇಲೆ, ಅವಳ ಕಡೆ ಮುಖ ಮಾಡಿ ಇಟ್ಟೆ. “ನೋಡ್ರಿ, ನೀವು ಷೇರು ತಗೊಳ್ಳುವಾಗ ಹಾಕಿದ ಸಹಿ ಇದು.”

ಅವಳು ಬಗ್ಗಿ ನೋಡಿದಳು. “ಇದು ನಂದಲ್ರಿ. ಆವಾಗ ನನಗ ಬರಿಯಾಕ ಎಲ್ಲಿ ಬರ್ತಿತ್ತು? ನೀವು ಬಂದು ಕಟ್ಟಿ ಮ್ಯಾಲೆ ಕುಂತು ಬರಕೊಂಡು ಹೋದ್ರಿ. ನಾ ಹೆಬ್ಬೆಟ್ಟು ಒತ್ತಲೇನು ಅಂತ ಕೇಳಿದ್ನಿ, ಆಮ್ಯಾಲೆ ಅಂದ್ರಿ. ಆಮ್ಯಾಲೆ ಬರ್ಲೇ ಇಲ್ಲ ನೀವು.”

ಕಾರ್ಡು ಅವಳ ಕಡೆಗೆ ನೆಟ್ಟಗಿತ್ತು. ಅಂದರೆ ನನ್ನ ಕಡೆಗೆ ಉಲ್ಟಾ. ಹೆಸರು ಕಾಣಲಿಲ್ಲ, ಕೈ ಕಂಡಿತು. ಹೆಸರಿನ ತಳದಲ್ಲಿ, ನನಗೆ ಕಾಣುವಂತೆ ಹೆಸರಿನ ಮೇಲೆ, ಎರಡು ಚುಕ್ಕಿ. ನಮ್ಮಪ್ಪನ ಚುಕ್ಕಿ. ನಾನು ಒಂದೊಂದಾಗಿ ಇಪ್ಪತ್ಮೂರು ಕಾರ್ಡುಗಳನ್ನೂ ಕಿತ್ತು ಮೇಜಿನ ಮೇಲೆ ಹರಡಿದೆ. ಎಲ್ಲದರಲ್ಲೂ ಎರಡೆರಡು ಚುಕ್ಕಿ. ಬಸ್ಸು, ತೊಡೆಯ ಮೇಲಿನ ಚೀಲ, ಕಂಪ್ಲಿಯ ರಸ್ತೆಯ ತಗ್ಗುದಿಣ್ಣೆ ಎಲ್ಲ ಒಂದೇ ಸಲ ಮೈಮೇಲೆ ಬಿದ್ದವು. ನಿಜವಾದ ಸಹಿಗಳನ್ನು ಸುಳ್ಳೆಂದು ಬರೆದುಕೊಟ್ಟಿದ್ದೆ. ಸುಳ್ಳು ಸಹಿಗಳು ನನ್ನ ಪೆಟ್ಟಿಗೆಯಲ್ಲಿದ್ದವು, ನನ್ನವೇ. ಶರಣಪ್ಪ, “ಯಾಕ್ರಿ, ಆರಾಮಿಲ್ಲೇನ್ರಿ? ನೀರು ಕುಡೀರಿ” ಎಂದರು. ನಾಳೆ ಬರ್ರಿ ಎಂದಷ್ಟೇ ಹೇಳಿ ಎದ್ದುಬಿಟ್ಟೆ. ಆ ಹಂಪಿಯ ಅಂಗಡಿಯವರ ಅಳುಮೋರೆ ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟಿತ್ತು.

ಸೀದಾ ಟಿ.ಬಿ. ಡ್ಯಾಂಗೆ ಹೋದೆ. ವೆಂಕೋಬರಾಯರ ಮಗ ಕಾಲುವೆ ಕಚೇರಿಯಲ್ಲಿದ್ದ. ರಾಯರು ಅವನ ಜೊತೆ ಕ್ವಾರ್ಟರ್ಸಿನಲ್ಲಿದ್ದರು. ಎಂಬತ್ತೈದು ದಾಟಿತ್ತು, ಕಣ್ಣು ಮಂಜಾಗಿತ್ತು, ನಾಲಗೆ ಹಾಗೇ ಇತ್ತು. ನಡೆದದ್ದನ್ನೆಲ್ಲ ಹೇಳಿದೆ. ಅವರು ಬೆಚ್ಚಿಬೀಳಲಿಲ್ಲ.

“ಅಂತೂ ಕಂಡಿತಲ್ಲೋ ನಿನಗ” ಎಂದರು.

“ಅಂದ್ರ... ನಿಮಗ ಗೊತ್ತಿತ್ತೇನ್ರಿ?”

“ಕತ್ತರಿಸಿದ ದಿನಾನ ಕಂಡಿತ್ತು. ಮರುದಿನ ನಿನ್ನ ಕರದು ಉಲ್ಟಾ ನೋಡೋದು ಯಾಕ ಕಲಿಸಿದೆ ಅಂತ ತಿಳದಿ? ಇವತ್ತ ನೋಡ್ತಾನ, ನಾಳೆ ನೋಡ್ತಾನ, ತಾನ ಬಂದು ಹೇಳ್ತಾನ ಅಂತ ಕಾದೆ.”

“ನೀವರ ಹೇಳಬೇಕಿತ್ತಲ್ರಿ!”

“ಹೇಳಬೇಕಿತ್ತು. ಆ ಅರ್ಜಿ ತೆಗದ್ರ ಇಶ್ಯೂ ಬೀಳ್ತದ ಅಂತ ಮ್ಯಾಲಿನವ್ರು ಹೆದರಿದ್ರು, ನಾನೂ ಹೆದರಿದೆ. ನೀ ಬರದಿ, ನಾ ಅಂಟಿಸಿದೆ. ಹೆಚ್ಚು ಕಡಿಮಿ ಏನದ?” ಎಂದವರೇ, “ನಿಮ್ಮಪ್ಪ ಭಾಳ ಚಲೋ ಮನುಷ್ಯ. ಒಂದು ಪತ್ರಕ್ಕೂ ಬಿಕಲಂ ಬಿಟ್ಟವನಲ್ಲ” ಎಂದರು.

ನನಗೆ ಸಿಟ್ಟು ಬಂತು, ಅಳು ಬಂತು. ಗುರುವೆಂದು ಮೂವತ್ತು ವರ್ಷ ನಂಬಿದವರು ನನ್ನ ಕಳ್ಳತನದ ಮೇಲೆ ಗೋಂದು ಹಚ್ಚಿ ಕೂತಿದ್ದರು. ಕಾಲಿಗೆ ನಮಸ್ಕಾರ ಮಾಡದೆಯೇ ಎದ್ದು ಬಂದೆ. ಅದೊಂದೇ ಸಲ.

ಮರುದಿನ ನಂದಿನಿ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. “ಸರ್, ಆರೇ ತಿಂಗಳಿದೆ ನಿಮಗೆ. ಯೋಚನೆ ಮಾಡಿ. ನಾನು ಈ ಮಾತು ಕೇಳಿಸಿಕೊಂಡಿಲ್ಲ ಅಂದ್ಕೊಳ್ಳಲಾ?” ಎಂದರು. ಒಳ್ಳೆಯ ಹುಡುಗಿ. ಬೇಡ, ಕೇಳಿಸಿಕೊಳ್ಳಿ ಎಂದೆ. ಅವರು ಬೆಂಗಳೂರಿನ ವಕೀಲರಿಗೆ ಫೋನು ಮಾಡಿ ನನ್ನ ಕೈಗೇ ಕೊಟ್ಟರು. ವಕೀಲರು ಕೋಪಗೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು. “ನಮಗೆ ಇನ್ನೂ ಒಳ್ಳೇದಾಯ್ತಲ್ಲ! ಅರ್ಜಿಗೇ ಅವರು ಸಹಿ ಹಾಕಿಲ್ಲ ಅಂದ್ರೆ ಅವರು ಷೇರುದಾರರೇ ಅಲ್ಲ. ನೀವು ಧಾರಾಳವಾಗಿ ಹೇಳಿ.”

ಸುಳ್ಳನ್ನು ಮುಚ್ಚಿಟ್ಟರೂ ಆ ಜನ ಹೊರಗೆ, ನಿಜ ಹೇಳಿದರೂ ಹೊರಗೆ! ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು: “ಷೇರುದಾರರಲ್ಲ ಅಂದ ಮ್ಯಾಲೆ ಇಷ್ಟು ವರ್ಷ ಅವರನ್ನ ಸಭಾಕ್ಕ ಕರದು ಮಿರ್ಚಿ ಯಾಕ ತಿನ್ನಿಸಿದ್ರಿ?”

ನಾನು ಹಾಗೇ ಚಪ್ಪಲಿ ಮೆಟ್ಟಿಕೊಂಡು ಕಚೇರಿಗೆ ಓಡಿದೆ. ಟ್ರಂಕು ತೆಗೆದೆ. ಹಾಜರಿ ಚೀಟಿಯ ಕಟ್ಟುಗಳು ವರ್ಷವಾರು ಹಾಗೇ ಇದ್ದವು, ಒಂದೆರಡಕ್ಕೆ ಮಾತ್ರ ಗೆದ್ದಲು. ಒಂದೊಂದು ಚೀಟಿಯ ಮೇಲೂ ಕಂಪನಿಯ ಮುದ್ರೆ, ಷೇರಿನ ಸಂಖ್ಯೆ, ಪಕ್ಕದಲ್ಲಿ ಆ ಮನುಷ್ಯರದೇ ಸಹಿ ಅಥವಾ ಹೆಬ್ಬೆಟ್ಟು. ಹಂಪಮ್ಮನ ಮೊದಲ ಕೆಲವು ವರ್ಷದ ಚೀಟಿಗಳಲ್ಲಿ ಹೆಬ್ಬೆಟ್ಟು. ಆಮೇಲೊಂದು ವರ್ಷ ನಡುಗುವ ಅಕ್ಷರ. ಆಮೇಲೆ ಪ್ರತಿವರ್ಷ ಅದೇ ದೊಡ್ಡ ಅಕ್ಷರ, ಒಪ್ಪಿಗೆ ಪತ್ರದಲ್ಲಿ ಇದ್ದಂಥದೇ. ಮೆಟ್ರಿಯ ಇಪ್ಪತ್ಮೂರು ಜನರಲ್ಲಿ ಇಪ್ಪತ್ತು ಜನರ ಚೀಟಿ ಸಿಕ್ಕವು. ಉಳಿದ ಮೂವರು ಯಾವ ಸಭೆಗೂ ಬಂದವರಲ್ಲ. ಎಂಬತ್ತೊಂಬತ್ತಕ್ಕೆ ಇಪ್ಪತ್ತು ಕೂಡಿದರೆ ನೂರಾ ಒಂಬತ್ತು. ನೆಲದ ಮೇಲೆ ಕುಳಿತು ಮೂರು ಸಲ ಎಣಿಸಿದೆ.

ಚೀಟಿಗಳನ್ನು ಕದ್ದು ಒಯ್ಯಲಿಲ್ಲ. ನಂದಿನಿ ಮೇಡಂ ಎದುರಿಗೆ ಇಟ್ಟು, ಇವು ಕಂಪನಿಯ ದಾಖಲೆ, ನಾನು ನ್ಯಾಯಮಂಡಳಿಗೆ ಪ್ರಮಾಣಪತ್ರ ಕೊಡುತ್ತೇನೆ, ಅದರಲ್ಲಿ ಇವುಗಳ ಹೆಸರು ಹೇಳುತ್ತೇನೆ ಎಂದೆ. ಅವರು ಟ್ರಂಕಿಗೆ ಮೊಹರು ಹಾಕಿಸಿ ದಿನಾಂಕ ಬರೆಸಿದರು. ಆಮೇಲೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಅವರು ಮಾಡಿದ ಆ ಉಪಕಾರವನ್ನು ಇಲ್ಲಿ ಹೇಳದಿದ್ದರೆ ನಾನು ಕೃತಘ್ನ.

ಪ್ರಮಾಣಪತ್ರವನ್ನು ಶರಣಪ್ಪನವರು ಟೈಪ್ ಮಾಡಿಸುತ್ತೇನೆಂದರು. ಬೇಡವೆಂದು ಕೈಯಲ್ಲೇ ಬರೆದೆ. ನನ್ನ ಕೈ ಎಂಥದ್ದೆಂದು ನ್ಯಾಯಮಂಡಳಿಗೂ ಕಾಣಲಿ. ತಳದಲ್ಲಿ ಸಹಿ ಹಾಕಿ, ಅದರ ಕೆಳಗೆ ಜೀವನದಲ್ಲಿ ಮೊದಲ ಸಲ ಬಿಕಲಂ ಎಂದು ಬರೆದು ನನ್ನ ಹೆಸರು ಹಾಕಿದೆ. ಶರಣಪ್ಪ ಅದನ್ನು ಮೆಟ್ರಿಯವರಿಗೆ ಗುಡಿಯ ಕಟ್ಟೆ ಮೇಲೆ ಕೂಡಿಸಿ ಓದಿ ಹೇಳಿದರಂತೆ. ನಾನು ಹೋಗಲಿಲ್ಲ. ಧೈರ್ಯವಿರಲಿಲ್ಲ.

ಬೆಂಗಳೂರಿನಲ್ಲಿ ವಿಚಾರಣೆಯ ದಿನ ಪೀಠದವರು ನನ್ನನ್ನು ಕರೆದು ಕೇಳಿದರು: “ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ?”

“ಮರೆತಿದ್ದೆ ಸ್ವಾಮಿ.”

ಯಾರೋ ಕಿಸಕ್ಕೆಂದರು. ನಾನು ಹೇಳಿದ್ದರಲ್ಲಿ ಯಾರೂ ನಂಬದ ಮಾತು ಅದೊಂದೇ, ಅತ್ಯಂತ ನಿಜವಾದದ್ದೂ ಅದೊಂದೇ. ಕಂಪನಿಯ ವಕೀಲರು ಎದ್ದು, ಈ ಚೀಟಿಗಳು ಬರೀ ತಿಂಡಿ ಹಂಚಲು ಮಾಡಿದವು, ಇವಕ್ಕೆ ಬೆಲೆಯಿಲ್ಲ ಎಂದು ವಾದಿಸಿದರು. ಪೀಠದಲ್ಲಿದ್ದವರು ಕನ್ನಡಕ ತೆಗೆದು ಕೇಳಿದರು: “ಹಾಗಾದರೆ ಇವರು ತಿಂಡಿ ತಿನ್ನಲು ಷೇರುದಾರರು, ಪ್ರಶ್ನೆ ಕೇಳಲು ಅಲ್ಲ ಅನ್ನುತ್ತೀರಾ?” ಅರ್ಧ ಗಂಟೆಯ ನಂತರ ದಾವೆ ಅಂಗೀಕಾರವಾಯಿತು. ಅದು ಇನ್ನೂ ನಡೆದಿದೆ; ಆ ಮಣ್ಣಿನ ರಾಶಿಗೆ ಅದಿರೆಂದು ಹೆಸರಿಟ್ಟವರು ಕಟಕಟೆಗೆ ಬಂದು ಉತ್ತರ ಹೇಳಬೇಕಾಗಿದೆ. ಮುಂದೇನಾಗುತ್ತದೋ ನನಗೆ ಗೊತ್ತಿಲ್ಲ.

ನನಗೆ ಆರೋಪ ಪತ್ರ ಕೊಟ್ಟು ಅಮಾನತಿನಲ್ಲಿಟ್ಟರು. ವಿಚಾರಣೆ ಮುಗಿಯುವ ಮೊದಲೇ ನಿವೃತ್ತಿಯ ದಿನ ಬಂತು. ಹಾರ, ಶಾಲು, ಭಾಷಣ ಏನೂ ಇಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಉಂಡೆ. ದೂರಿಲ್ಲ. ವೆಂಕೋಬರಾಯರು ಆ ಬೇಸಿಗೆಯಲ್ಲಿ ತೀರಿಕೊಂಡರು. ಅವತ್ತು ಮಾಡದ ನಮಸ್ಕಾರವನ್ನು ಆಗ ಮಾಡಿಬಂದೆ.

ನಿವೃತ್ತನಾಗಿ ಎರಡು ತಿಂಗಳ ಮೇಲೆ ಕೊನೆಗೂ ಮೆಟ್ರಿಗೆ ಹೋದೆ. ಹಂಪಮ್ಮನ ಮುಂದೆ ಕೈಮುಗಿದು, “ತಪ್ಪಾತಮ್ಮಾ” ಎಂದೆ. ಅವಳು ಚಹಾ ಕೊಟ್ಟಳು. ಆಮೇಲೆ ಒಳಗಿನಿಂದ ಒಂದು ಅರ್ಜಿ ತಂದು ನನ್ನ ಮುಂದಿಟ್ಟಳು. ಕಾಗದದ ಷೇರನ್ನು ಕಂಪ್ಯೂಟರಿಗೆ ಹಾಕಿಸುವ ಅರ್ಜಿ. ಅಂತೂ ಅವಳೂ ಮನಸ್ಸು ಮಾಡಿದ್ದಳು.

“ಬರೀರಿ. ನಿಮ್ಮ ಅಕ್ಷರ ಚಂದ ಅದಾವು. ಸಹಿ ಜಾಗ ಮಾತ್ರ ಬಿಡ್ರಿ.”

ಹೆಸರು, ಗಂಡನ ಹೆಸರು, ಊರು ಎಲ್ಲ ಬರೆದು ಅವಳ ಕಡೆ ಸರಿಸಿದೆ. ಅವಳು ಪೆನ್ನು ಮುಟ್ಟಲಿಲ್ಲ.

“ತಳಗ ನಿಮ್ಮ ಹೆಸರು?”

“ಅದಕ್ಕ ಇದರಾಗ ಜಾಗ ಇಲ್ಲಮ್ಮಾ.”

“ಇಲ್ಲಂದ್ರ ಅಂಚಿನ್ಯಾಗ ಬರೀರಿ.”

ಅಂಚಿನಲ್ಲಿ ಬಿಕಲಂ ಎಂದು ಬರೆದು ನನ್ನ ಹೆಸರು ಹಾಕಿದೆ. ಹಂಪಮ್ಮ ಅರ್ಜಿಯನ್ನು ಕೈಗೆತ್ತಿಕೊಂಡು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರನ್ನು ಕೊನೆಯವರೆಗೆ ಓದಿದಳು. ಆಮೇಲೆ ಸಹಿ ಹಾಕಿದಳು.